ಗುರುತಿಲ್ಲದ ಡ್ರಾಯಿಂಗ್: ರಷ್ಯಾ ಬಿಟ್ಟ ಒಂದು ಕಂಪನಿ, ಬೆಳಗಾವಿಯ ಒಂದು ಫೌಂಡ್ರಿ

2022ರ ಮಾರ್ಚ್ 4, ಶುಕ್ರವಾರ ಬೆಳಿಗ್ಗೆ ನಮ್ಮ ಫೌಂಡ್ರಿಗೆ, ಅಂದರೆ ಕಬ್ಬಿಣದ ಎರಕ ಹೊಯ್ಯುವ ಶೆಡ್‌ಗೆ, ನಮ್ಮ ಮಾಲು ಕೊಳ್ಳುವ ಕಂಪನಿಯ ಪುಣೆ ಕಚೇರಿಯಿಂದ ಒಂದು ಮೇಲ್ ಬಂತು. ನಾಲ್ಕೇ ಸಾಲು. ಮೂರು ಪಾರ್ಟ್ ನಂಬರ್ ಬರೆದು, ನಾವು ಹೇಳುವ ತನಕ ಇವುಗಳ ಶೆಡ್ಯೂಲ್ ಸೊನ್ನೆ, ತಯಾರಾದ ಮಾಲನ್ನೂ ಕಳಿಸಬೇಡಿ ಅಂತ ಹೇಳಿದ್ದರು. ಯಾಕೆ ಅಂತ ಬರೆದಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನ ಆ ಕಂಪನಿಯ ವೆಬ್‌ಸೈಟ್ ತೆರೆದು ನೋಡಿದೆ. ಯುರೋಪಿನ ಮುಖ್ಯ ಕಚೇರಿಯ ಹೇಳಿಕೆ ಅಲ್ಲಿತ್ತು. ಉಕ್ರೇನ್ ಮೇಲಿನ ಯುದ್ಧದ ಕಾರಣ ರಷ್ಯಾದ ಜೊತೆಗಿನ ಎಲ್ಲ ವ್ಯವಹಾರ ನಿಲ್ಲಿಸಿದ್ದೇವೆ, ಅಲ್ಲಿನ ಜೋಡಣೆ ಘಟಕವನ್ನೂ ನಿಲ್ಲಿಸಿದ್ದೇವೆ ಅಂತ.

ಓದಿದಾಗ ಒಳ್ಳೆಯದೇ ಮಾಡಿದರು ಅನ್ನಿಸಿತು. ಯುದ್ಧ ಶುರುವಾಗಿ ಒಂಬತ್ತು ದಿನ ಆಗಿತ್ತು ಅಷ್ಟೇ. ಮಾರ್ಚ್ 1ರಂದು ನಮ್ಮ ಕಡೆಯ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕು ಸತ್ತಿದ್ದ. ಊಟದ ಸಾಮಾನು ತರಲು ಹೊರಗೆ ಹೋಗಿದ್ದ ಹುಡುಗ. ಶೆಡ್‌ನಲ್ಲಿ ಮೂರು ದಿನ ಅದೇ ಮಾತು. ಯಾರದ್ದೋ ದೂರದ ಯುದ್ಧ ಅಂತ ನಮಗೆ ಅನ್ನಿಸಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಶೆಡ್‌ನ ಮೂಲೆಯಲ್ಲಿ 1,140 ಪಂಪ್ ಹೌಸಿಂಗ್‌ಗಳು ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿಸಿಕೊಂಡು, ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಡಿಸ್‌ಪ್ಯಾಚ್‌ಗೆ ತಯಾರಾಗಿದ್ದವು.

ಯುದ್ಧ ಮಾಡುವ ದೇಶದಿಂದ ಕಂಪನಿಗಳು ಹೊರಬರಬೇಕು ಅಂತ ನಂಬುವವಳು ನಾನು. ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಹೊರಬರುವ ಕಂಪನಿ ತನ್ನ ಕೆಳಗಿರುವ ಸಣ್ಣ ಸಪ್ಲೈಯರ್‌ಗಳನ್ನು ಮರೆತರೆ ಅದೇ ಮಾಲು ಬೇರೆ ದಾರಿ ಹಿಡಿದು ಅಲ್ಲಿಗೇ ಹೋಗುತ್ತದೆ. ನಮ್ಮಲ್ಲಿ ಅದು ಆಗುವುದರಲ್ಲಿತ್ತು. ಹೇಗೆ ಅಂತ ಪೂರ್ತಿ ಬರೆಯುತ್ತೇನೆ. ನಮ್ಮ ಯೂನಿಟ್, ಆ ಕಂಪನಿ, ಮಧ್ಯದ ವ್ಯಾಪಾರಿ, ಯಾರ ಹೆಸರನ್ನೂ ಹಾಕುತ್ತಿಲ್ಲ.

ನಮ್ಮ ಶೆಡ್, ನಮ್ಮ ಮಾಲು

ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಓಡಾಡಿದವರಿಗೆ ಗೊತ್ತು. ಬೆಳಗಾವಿಯಲ್ಲಿ ಫೌಂಡ್ರಿ, ಮಶಿನ್ ಶಾಪ್, ಹೈಡ್ರಾಲಿಕ್ಸ್ ಕೆಲಸ ಒಂದಕ್ಕೊಂದು ಅಂಟಿಕೊಂಡೇ ಬೆಳೆದಿವೆ. ನಮ್ಮದು ಅಂಥ ಒಂದು ಸಣ್ಣ ಯೂನಿಟ್. ಅಪ್ಪ ಮತ್ತು ಕಾಕಾ ಸೇರಿ ಶುರು ಮಾಡಿದ್ದು, ಅಪ್ಪ ಹೋದ ಮೇಲೆ ಕಾಕಾ ನಡೆಸುತ್ತಿದ್ದಾರೆ. ಲೆಕ್ಕ, ಬ್ಯಾಂಕು, ರಫ್ತಿನ ಕಾಗದಪತ್ರ ನನ್ನ ಜವಾಬ್ದಾರಿ. ಆಗ 46 ಜನ ಇದ್ದರು, 31 ಜನ ಕಾಯಂ, 15 ಜನ ಕಾಂಟ್ರ್ಯಾಕ್ಟ್ ಮೇಲೆ. ಪೀರನವಾಡಿಯಿಂದ, ಖಾನಾಪುರದ ಹಳ್ಳಿಗಳಿಂದ ಬರುವವರೇ ಜಾಸ್ತಿ. ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ ಎರಡೂ ಆಡುವ ಜನ.

ಕೊಪ್ಪಳ ಕಡೆಯಿಂದ ಪಿಗ್ ಐರನ್, ಅಂದರೆ ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ, ಬರುತ್ತದೆ. ಅದಕ್ಕೆ ಸ್ಕ್ರ್ಯಾಪ್ ಸೇರಿಸಿ ಇಂಡಕ್ಷನ್ ಫರ್ನೇಸ್‌ನಲ್ಲಿ ಕರಗಿಸಿ, ಮರಳಿನ ಮೋಲ್ಡ್‌ಗೆ ಸುರಿಯುತ್ತೇವೆ. ಆರಿದ ಮೇಲೆ ಒಡೆದು, ಫೆಟ್ಲಿಂಗ್ ಮಾಡಿ, ಅಂದರೆ ಉಜ್ಜಿ ನಯ ಮಾಡಿ, ಒಂದಷ್ಟನ್ನು ನಮ್ಮ ವಿಎಂಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಮೇಲೆ ಮಶಿನಿಂಗ್ ಕೂಡ ಮಾಡಿ ಕೊಡುತ್ತೇವೆ. ಪಂಪ್ ಹೌಸಿಂಗ್ ಅಂದರೆ ಹೈಡ್ರಾಲಿಕ್ ಪಂಪಿನ ಹೊರಗಿನ ಕವಚ. ಒಳಗೆ ಗೇರುಗಳು ತಿರುಗಿ ಎಣ್ಣೆಯನ್ನು ಒತ್ತಡದಿಂದ ತಳ್ಳುತ್ತವೆ, ಆ ಒತ್ತಡದಿಂದಲೇ ನೆಲ ಅಗೆಯುವ ಯಂತ್ರದ ತೋಳು ಏಳುವುದು. ಬೋರ್, ಅಂದರೆ ಒಳಗಿನ ರಂಧ್ರ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಎಣ್ಣೆ ಸೋರುತ್ತದೆ. ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಪೀಸ್, ಒಂದಕ್ಕೆ 14 ಕೆಜಿ. ನಮ್ಮ ತಿಂಗಳ ವಹಿವಾಟು 90 ಲಕ್ಷದ ಆಸುಪಾಸು, ಅದರಲ್ಲಿ 24 ಲಕ್ಷ ಈ ಮೂರು ಪಾರ್ಟ್ ನಂಬರ್‌ಗಳದ್ದೇ. ಮಾಲು ನ್ಹಾವಾ ಶೇವಾ ಬಂದರಿನಿಂದ ಯುರೋಪಿಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಅದು ರಷ್ಯಾದ ಘಟಕಕ್ಕೆ ಹೋಗಿ ಯಂತ್ರದಲ್ಲಿ ಕೂರುತ್ತಿತ್ತು ಅನ್ನೋದು ನಮಗೆ ಗೊತ್ತಾಗಿದ್ದೇ ಆರ್ಡರ್ ನಿಂತ ದಿನ. ಐದು ವರ್ಷ ಮಾಡಿದ ಮಾಲು ಕೊನೆಗೆ ಎಲ್ಲಿ ಹೋಗುತ್ತದೆ ಅಂತ ನಾವು ಒಂದು ಸಲವೂ ಕೇಳಿರಲಿಲ್ಲ. ಕೇಳಬೇಕಿತ್ತು.

ಆರ್ಡರ್ ನಿಂತ ಮೇಲಿನ ಲೆಕ್ಕ

ತಯಾರಾದ 1,140 ಪೀಸ್, ಒಂದಕ್ಕೆ ಸುಮಾರು 2,700 ರೂಪಾಯಿ ಹಿಡಿದರೆ 31 ಲಕ್ಷ. ಮಶಿನಿಂಗ್ ಆಗದ ಕಾಸ್ಟಿಂಗ್ 620. ಈ ಪಾರ್ಟ್‌ಗಳಿಗೆ ಅಂತಲೇ ಜನವರಿಯಲ್ಲಿ ಮಾಡಿಸಿದ, ಮಶಿನಿಂಗ್ ಮಾಡುವಾಗ ಪೀಸ್ ಹಿಡಿದಿಡುವ ಹೊಸ ಫಿಕ್ಸ್‌ಚರ್ 3.2 ಲಕ್ಷದ್ದು. ಮೊದಲ ವಾರದಲ್ಲಿ ಪುಣೆಯವರು ಇದು ಫೋರ್ಸ್ ಮೆಜ್ಯೂರ್, ಅಂದರೆ ಯಾರ ಕೈಯಲ್ಲೂ ಇಲ್ಲದ ಘಟನೆ, ಹಾಗಾಗಿ ನಾವು ಬಾಧ್ಯರಲ್ಲ ಅಂದರು. ನಾನು ಪರ್ಚೇಸ್ ಆರ್ಡರ್ ತೆಗೆದು ಮೂರು ಸಲ ಓದಿದೆ. ನಮ್ಮ ಒಪ್ಪಂದ ಯುರೋಪಿನ ಕಂಪನಿಯ ಜೊತೆ ಇತ್ತು, ರಷ್ಯಾದ ಜೊತೆ ಅಲ್ಲ. ಯುರೋಪಿಗೆ ಮಾಲು ಕಳಿಸಲು ಯಾವ ಅಡ್ಡಿಯೂ ಇರಲಿಲ್ಲ. ಬಿಡುವ ನಿರ್ಧಾರ ಅವರು ತೆಗೆದುಕೊಂಡಿದ್ದು, ಒಳ್ಳೆಯ ನಿರ್ಧಾರವೇ, ಆದರೆ ನಿರ್ಧಾರ ತೆಗೆದುಕೊಂಡವರೇ ಅದರ ಖರ್ಚನ್ನೂ ಹೊರಬೇಕು ಅಲ್ವಾ? ಇದನ್ನೇ ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ಬರೆದು ಕಳಿಸಿದೆ. ಐದು ತಿಂಗಳು ಜಗ್ಗಾಡಿ ಆಗಸ್ಟ್‌ನಲ್ಲಿ 31 ಲಕ್ಷ ಪೂರ್ತಿ ಕೊಟ್ಟರು. ಬಡ್ಡಿ ಕೊಡಲಿಲ್ಲ. ಕಾಸ್ಟಿಂಗ್‌ಗೆ, ಫಿಕ್ಸ್‌ಚರ್‌ಗೆ ಏನೂ ಕೊಡಲಿಲ್ಲ.

620 ಕಾಸ್ಟಿಂಗ್‌ಗಳನ್ನು ಜೂನ್‌ನಲ್ಲಿ ವಾಪಸ್ ಫರ್ನೇಸ್‌ಗೆ ಹಾಕಿದೆವು. ಕಬ್ಬಿಣ ಉಳಿಯಿತು, ಆದರೆ ಕರೆಂಟು, ಮರಳು, ಕೋರ್ (ಒಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು), ಕೂಲಿ ಎಲ್ಲ ಸೇರಿ ನಾಲ್ಕು ಲಕ್ಷದಷ್ಟು ಹೋಯಿತು. ತಾವೇ ಉಜ್ಜಿ ನಯ ಮಾಡಿದ ಕಾಸ್ಟಿಂಗ್‌ಗಳನ್ನು ಹುಡುಗರು ತಾವೇ ಎತ್ತಿ ಕುಲುಮೆಗೆ ಹಾಕುವುದನ್ನು ನೋಡುವುದು ಕಷ್ಟವಾಗಿತ್ತು. 31 ಲಕ್ಷದ ಮೇಲೆ ಐದು ತಿಂಗಳು ಬ್ಯಾಂಕಿನ ಸಿಸಿ ಖಾತೆಗೆ, ಅಂದರೆ ವ್ಯವಹಾರದ ಸಾಲದ ಖಾತೆಗೆ, ಕಟ್ಟಿದ ಬಡ್ಡಿ 1.35 ಲಕ್ಷ. ಎಲ್ಲ ಕೂಡಿದರೆ ಎಂಟೂವರೆ ಲಕ್ಷದಷ್ಟು ನಷ್ಟ. ಇದರ ಜೊತೆಗೆ ಆ ವಸಂತದಲ್ಲಿ ಪಿಗ್ ಐರನ್ ದರ ಏರಿತ್ತು, ಯಾಕೆಂದರೆ ಜಗತ್ತಿನ ಮಾರುಕಟ್ಟೆಗೆ ಪಿಗ್ ಐರನ್ ಮಾರುವ ದೊಡ್ಡ ದೇಶಗಳೇ ರಷ್ಯಾ ಮತ್ತು ಉಕ್ರೇನ್. ಮೇ ತಿಂಗಳಲ್ಲಿ ನಮ್ಮ ಸರ್ಕಾರ ಪಿಗ್ ಐರನ್ ರಫ್ತಿನ ಮೇಲೆ ಶೇ 15 ಸುಂಕ ಹಾಕಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಎಂಟೂವರೆ ಲಕ್ಷವನ್ನು ಯೂನಿಟ್ ತಡೆದುಕೊಂಡಿತು. ತಡೆದುಕೊಳ್ಳಲಾಗದವರು ಬೇರೆ ಇದ್ದರು. ಏಪ್ರಿಲ್‌ನಿಂದ ಓವರ್‌ಟೈಮ್ ಪೂರ್ತಿ ನಿಂತಿತು, ಕಾಯಂ ಕೆಲಸಗಾರರ ಕೈಗೆ ಬರುವ ಸಂಬಳ ತಿಂಗಳಿಗೆ ಮೂರು ನಾಲ್ಕು ಸಾವಿರ ಕಡಿಮೆ ಆಯಿತು. ಹದಿನೈದು ಕಾಂಟ್ರ್ಯಾಕ್ಟ್ ಹುಡುಗರಲ್ಲಿ ಒಂಬತ್ತು ಜನರನ್ನು ಕರೆಯಲಿಲ್ಲ. ಅವರಲ್ಲಿ ಒಬ್ಬ ಖಾನಾಪುರ ಕಡೆಯವನು, ಫೆಟ್ಲಿಂಗ್‌ನಲ್ಲಿ ಅವನಷ್ಟು ಚೊಕ್ಕ ಕೈ ಇನ್ನೊಬ್ಬರದ್ದಿಲ್ಲ. ಗೇಟಿನ ಹತ್ತಿರ ನಿಂತು ನನ್ನನ್ನು ಕೇಳಿದ: "ಅಕ್ಕಾರ, ಯುದ್ಧ ನಡೆದಿದ್ದು ಅಲ್ಲಿ. ನನ್ನ ಕೆಲಸ ಯಾಕ ಹೋತು?" ನನಗೆ ಉತ್ತರ ಗೊತ್ತಿತ್ತು, ಆದರೆ ಹೇಳಲು ಬಾಯಿ ಬರಲಿಲ್ಲ. ಅವನು ಗೋವಾಕ್ಕೆ ಹೋದ.

ದೊಡ್ಡವರು ಹೇಗೆ ಬಿಟ್ಟರು

ಪುಣೆಯವರ ಜೊತೆ ಜಗ್ಗಾಡುತ್ತಿದ್ದಾಗ ಬೇರೆ ಕಂಪನಿಗಳು ಏನು ಮಾಡಿವೆ ಅಂತ ರಾತ್ರಿ ಕೂತು ಓದುತ್ತಿದ್ದೆ. ನನ್ನ ವಾದಕ್ಕೆ ಬಲ ಬೇಕಿತ್ತು.

ಮೆಕ್‌ಡೊನಾಲ್ಡ್ಸ್ ಮಾರ್ಚ್ 8ಕ್ಕೆ ರಷ್ಯಾದ ಸುಮಾರು 850 ಹೋಟೆಲುಗಳನ್ನು ಮುಚ್ಚುವುದಾಗಿ ಹೇಳಿತು. 62,000 ಕೆಲಸಗಾರರಿಗೆ ಸಂಬಳ ಮುಂದುವರಿಸಿತು. ಮೇ ತಿಂಗಳಲ್ಲಿ ಪೂರ್ತಿ ಮಾರಿ ಹೊರಬರುವ ಒಪ್ಪಂದ ಮಾಡಿಕೊಂಡಿತು. ಆ ಮಾರಾಟದ ಒಪ್ಪಂದದಲ್ಲಿ ನನಗೆ ಬೇಕಾದ ಎರಡು ವಿಷಯ ಇದ್ದವು. ಕೊಂಡವನು ಕೆಲಸಗಾರರನ್ನು ಕನಿಷ್ಠ ಎರಡು ವರ್ಷ ಅದೇ ಷರತ್ತುಗಳ ಮೇಲೆ ಇಟ್ಟುಕೊಳ್ಳಬೇಕು, ಮತ್ತು ಸಪ್ಲೈಯರ್‌ಗಳಿಗೆ, ಜಾಗದ ಮಾಲೀಕರಿಗೆ ಇರುವ ಬಾಕಿ ತೀರಿಸಬೇಕು. ಅಷ್ಟು ದೊಡ್ಡ ಕಂಪನಿ ಬಿಟ್ಟುಹೋಗುವಾಗ ಬಾಕಿ ತೀರಿಸುವುದನ್ನು ಕಾಗದದ ಮೇಲೆ ಬರೆಯಬಹುದು ಅಂದರೆ ನಮ್ಮ ಕಂಪನಿ 620 ಕಾಸ್ಟಿಂಗ್ ಬಗ್ಗೆ ಒಂದು ಸಾಲು ಬರೆಯಬಹುದಿತ್ತು.

ಫ್ರಾನ್ಸಿನ ಕಾರು ಕಂಪನಿ ರೆನೋ ಅದೇ ಮೇ ತಿಂಗಳಲ್ಲಿ ರಷ್ಯಾದ ಕಾರು ಕಂಪನಿ ಅವ್ಟೋವಾಜ್‌ನ ತನ್ನ ದೊಡ್ಡ ಪಾಲನ್ನು ರಷ್ಯಾದ ಸರ್ಕಾರಿ ಸಂಸ್ಥೆಗೆ ಕೊಟ್ಟು ಬಂತು, ಆರು ವರ್ಷದೊಳಗೆ ವಾಪಸ್ ಕೊಳ್ಳುವ ಹಕ್ಕು ಇಟ್ಟುಕೊಂಡು. ಬಿಯರ್ ಕಂಪನಿ ಹೈನೆಕೆನ್ 2022ರ ಮಾರ್ಚ್‌ನಲ್ಲಿ ಬಿಡುತ್ತೇವೆ ಅಂದಿತು, ನಿಜವಾಗಿ ಬಿಟ್ಟಿದ್ದು 2023ರ ಆಗಸ್ಟ್‌ನಲ್ಲಿ. ಒಂದು ಯೂರೋಗೆ ಮಾರಿ, 30 ಕೋಟಿ ಯೂರೋ ನಷ್ಟ ಬರೆದುಕೊಂಡು, 1,800 ಕೆಲಸಗಾರರಿಗೆ ಮೂರು ವರ್ಷದ ಕೆಲಸದ ಭರವಸೆ ಬರೆಸಿಕೊಂಡು ಬಂತು. ಹೇಳಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಹದಿನೇಳು ತಿಂಗಳು. ತಡ ಮಾಡಿದವರಲ್ಲಿ ಬಿಯರ್ ಮಾಡುವ ಕಾರ್ಲ್ಸ್‌ಬರ್ಗ್ ಮತ್ತು ಹಾಲಿನ ಪದಾರ್ಥ ಮಾಡುವ ಡ್ಯಾನೋನ್‌ನ ಅಲ್ಲಿನ ಘಟಕಗಳನ್ನು 2023ರ ಜುಲೈನಲ್ಲಿ ರಷ್ಯಾ ಸರ್ಕಾರವೇ ತನ್ನ ಹಿಡಿತಕ್ಕೆ ತೆಗೆದುಕೊಂಡಿತು.

ನಮ್ಮವರೂ ಇದ್ದರು. ಇನ್ಫೋಸಿಸ್‌ಗೆ ಅಲ್ಲಿ ನೂರಕ್ಕಿಂತ ಕಡಿಮೆ ಜನ ಇದ್ದರು, 2022ರ ಏಪ್ರಿಲ್‌ನಲ್ಲಿ ಕೆಲಸವನ್ನು ರಷ್ಯಾದಿಂದ ಹೊರಗೆ ಸಾಗಿಸುತ್ತಿದ್ದೇವೆ ಅಂದಿತು. ಟಾಟಾ ಸ್ಟೀಲ್ ಕೂಡ ಅದೇ ತಿಂಗಳು ರಷ್ಯಾದ ಜೊತೆ ವ್ಯಾಪಾರ ನಿಲ್ಲಿಸುತ್ತೇವೆ ಎಂದು ಹೇಳಿತು. ಕೆಲವೇ ವಾರಗಳ ನಂತರ, ಮೇ ತಿಂಗಳಲ್ಲಿ, ಅದು ರಷ್ಯಾದಿಂದ ಸುಮಾರು 75,000 ಟನ್ ಕಲ್ಲಿದ್ದಲು ತರಿಸಿಕೊಂಡಿದ್ದು ಸುದ್ದಿಯಾಯಿತು. ಅದು ಹೇಳಿಕೆಗೆ ಮೊದಲೇ, ಮಾರ್ಚ್‌ನಲ್ಲೇ ಆದ ಒಪ್ಪಂದ ಎಂದು ಕಂಪನಿ ಹೇಳಿತು. ಬಹಳ ಜನ ಬೈದರು. ನಾನು ಬೈಯಲಿಲ್ಲ, ಯಾಕೆಂದರೆ ಮೊದಲೇ ಆದ ಒಪ್ಪಂದಗಳು, ಸಮುದ್ರದ ಮೇಲಿರುವ ಹಡಗು, ಪೆಟ್ಟಿಗೆಯಲ್ಲಿರುವ ಮಾಲು ಇವೇ ಹೊರಬರುವ ಕೆಲಸದ ದೊಡ್ಡ ಭಾಗ. ಆದರೆ ಅದನ್ನು ಹೇಳಿಕೆಯಲ್ಲೇ ಬಾಯಿಬಿಟ್ಟು ಹೇಳಬೇಕಿತ್ತು. ಇಷ್ಟು ಮಾಲು ಇನ್ನೂ ಬರುವುದಿದೆ, ಇಂಥ ತಾರೀಖಿಗೆ ಮುಗಿಯುತ್ತದೆ ಅಂತ. ನಮ್ಮ ಕಂಪನಿಯೂ ಹಾಗೇ ಮಾಡಿದ್ದರೆ ಮುಂದಿನ ಕಥೆ ನಡೆಯುತ್ತಿರಲಿಲ್ಲ.

ಅಕ್ಟೋಬರ್‌ನ ಡ್ರಾಯಿಂಗ್

ದೀಪಾವಳಿಗೆ ಹತ್ತು ದಿನ ಇತ್ತು. ದುಬೈನ ಒಬ್ಬ ವ್ಯಾಪಾರಿಯಿಂದ ವಾಟ್ಸಾಪ್‌ನಲ್ಲಿ ಕಾಕಾಗೆ ಎನ್‌ಕ್ವೈರಿ ಬಂತು. ಪಂಪ್ ಹೌಸಿಂಗ್, 2,000 ಪೀಸ್, ಒಂದಕ್ಕೆ 3,300 ರೂಪಾಯಿ ಲೆಕ್ಕದಲ್ಲಿ ದಿರ್ಹಾಮ್. ಅರ್ಧ ಮುಂಗಡ. ಅಂದರೆ 66 ಲಕ್ಷದ ಆರ್ಡರ್, 33 ಲಕ್ಷ ಕೂಡಲೇ ಖಾತೆಗೆ. ಬೋನಸ್ ಹೇಗೆ ಕೊಡುವುದು ಅಂತ ಕಾಕಾ ನಾಲ್ಕು ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ.

ಡ್ರಾಯಿಂಗ್ ಪ್ರಿಂಟ್ ತೆಗೆದು ಮಶಿನ್ ಶಾಪ್‌ಗೆ ಕೊಟ್ಟೆವು. ಕೆಳಗಿನ ಬಲ ಮೂಲೆಯಲ್ಲಿ ಕಂಪನಿಯ ಹೆಸರು, ಡ್ರಾಯಿಂಗ್ ನಂಬರ್ ಇರುವ ಚೌಕ ಇರುತ್ತದಲ್ಲ, ಅದನ್ನು ಕತ್ತರಿಸಿದ್ದರು. ನಮ್ಮ ಹಿರಿಯ ಮಿಸ್ತ್ರಿ ಕನ್ನಡಕ ಏರಿಸಿ ಎರಡು ನಿಮಿಷ ನೋಡಿ ನನ್ನನ್ನು ಕರೆದರು. "ತಂಗೀ, ಇದು ನಮ್ಮ ಮಾಲೇ ಐತಿ."

ಹೇಗೆ ಗೊತ್ತು ಅಂದೆ. ಬೆರಳು ಇಟ್ಟು ತೋರಿಸಿದರು. ಎಣ್ಣೆ ಒಳಗೆ ಬರುವ ಪೋರ್ಟಿನ ಅಂಚಿಗೆ ಮೊದಲ ಡ್ರಾಯಿಂಗ್‌ನಲ್ಲಿ ಒಂದು ಮಿಲಿಮೀಟರ್ ಚ್ಯಾಂಫರ್, ಅಂದರೆ ಅಂಚಿನ ಓರೆ ಕೊರೆತ, ಇತ್ತು. ನಮ್ಮ ಟೂಲ್‌ಗೆ ಅದು ಸರಿಹೋಗದೆ ಅಂಚಿನಲ್ಲಿ ಬರ್ (ಲೋಹದ ಚೂಪು ಎಳೆ) ಉಳಿಯುತ್ತಿತ್ತು. 2019ರಲ್ಲಿ ಈ ಮಿಸ್ತ್ರಿಯೇ ಹಟ ಹಿಡಿದು ಅದನ್ನು ಒಂದೂವರೆ ಮಿಲಿಮೀಟರ್ ಮಾಡಿಸಿದ್ದರು, ಯುರೋಪಿನವರು ಡ್ರಾಯಿಂಗ್ ತಿದ್ದಿ ಕಳಿಸಿದ್ದರು. ದುಬೈನಿಂದ ಬಂದ ಡ್ರಾಯಿಂಗ್‌ನಲ್ಲೂ ಒಂದೂವರೆಯೇ ಇತ್ತು. ಪಕ್ಕದಲ್ಲಿ ಅದೇ ಸಣ್ಣ ತ್ರಿಕೋನದ ತಿದ್ದುಪಡಿ ಗುರುತು. ಹೆಸರಿನ ಚೌಕ ಕತ್ತರಿಸಿದವರಿಗೆ ಅದು ಕಂಡಿರಲಿಲ್ಲ.

ಅಂದರೆ ಡ್ರಾಯಿಂಗ್ ಆ ಕಂಪನಿಯ ಫೈಲಿನಿಂದಲೇ ಹೊರಬಂದಿತ್ತು. ಪಾರ್ಟ್ ಬಿಟ್ಟವರು ಡ್ರಾಯಿಂಗನ್ನು ರಷ್ಯಾದಲ್ಲೇ ಬಿಟ್ಟು ಬಂದಿದ್ದರು.

ನಾನು ವ್ಯಾಪಾರಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ. ಮಾಲು ಕೊನೆಗೆ ಬಳಸುವವರು ಯಾರು, ಯಾವ ದೇಶದಲ್ಲಿ, ಬೇರೆ ಕಡೆಗೆ ಮಾರುವುದಿಲ್ಲ ಅಂತ ಬರೆದು ಕೊಡುತ್ತೀರಾ. ಉತ್ತರ ಬಂದಿದ್ದು ಒಂದೇ ಸಾಲು, ಗಲ್ಫ್‌ನಲ್ಲಿ ಕಟ್ಟಡ ಕೆಲಸಕ್ಕೆ ಅಂತ. ಅದರ ಜೊತೆ ಒಂದು ಬೇಡಿಕೆ: ಮಾಲಿನ ಮೇಲೆ ಯಾವ ಗುರುತೂ ಇರಬಾರದು, ಹೀಟ್ ನಂಬರ್ ಕೂಡ. ಫೌಂಡ್ರಿಯ ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಪ್ರತಿ ಸಲ ಕಬ್ಬಿಣ ಕರಗಿಸಿದಾಗಲೂ ಅದಕ್ಕೊಂದು ನಂಬರ್ ಕೊಡುತ್ತೇವೆ, ಆ ನಂಬರ್ ಕಾಸ್ಟಿಂಗ್ ಮೇಲೆ ಮೂಡುತ್ತದೆ. ಎಲ್ಲೋ ಒಂದು ಪೀಸ್ ಬಿರಿದರೆ ಆ ನಂಬರ್ ಹಿಡಿದು ಯಾವ ದಿನ, ಯಾವ ಪಾಳಿ, ಏನು ಹಾಕಿದ್ದೆವು ಅಂತ ಹಿಂದಕ್ಕೆ ಬರಬಹುದು. ಮಾಲಿಗೆ ನಾವು ಕೊಡುವ ಹೆಸರು ಅದು. ಮಿಸ್ತ್ರಿ ಒಂದೇ ಮಾತು ಹೇಳಿದರು: "ಹೀಟ್ ನಂಬರ್ ಇಲ್ಲದ ಮಾಲು ಈ ಗೇಟ್ ದಾಟಿಲ್ರೀ ಸಾಹುಕಾರ್ರ, ನಾ ಇರೂತನಕ ದಾಟೂದೂ ಇಲ್ಲ."

ಆ ರಾತ್ರಿಯ ವಾದ

ಕಾಕಾ, ಅವರ ಮಗ ಅಂದರೆ ನನ್ನ ತಮ್ಮ, ಮಿಸ್ತ್ರಿ, ನಾನು, ನಾಲ್ಕು ಜನ ಆಫೀಸಿನಲ್ಲಿ ಹನ್ನೊಂದು ಗಂಟೆಯ ತನಕ ಕೂತೆವು. ತಮ್ಮನ ಮಾತುಗಳನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

"ಅಕ್ಕಾ, ನಮ್ಮ ದೇಶದ ಕಾನೂನು ಇದನ್ನ ತಡೀತದೇನು? ಇಲ್ಲ. ರಷ್ಯಾದಿಂದ ಎಣ್ಣೆ ತರಸಾಕತ್ತೀವಿ. ಜುಲೈದಾಗ ರಿಸರ್ವ್ ಬ್ಯಾಂಕೇ ರೂಪಾಯಿದಾಗ ವ್ಯಾಪಾರ ಮಾಡ್ರಿ ಅಂತ ದಾರಿ ಮಾಡಿ ಕೊಟ್ಟದ. ಭಿಲಾಯಿ ಉಕ್ಕಿನ ಕಾರ್ಖಾನೆ ಕಟ್ಟಾಕ ಸಹಾಯ ಮಾಡಿದವರು ಯಾರು? ಇದು ಬಾಂಬ್ ಅಲ್ಲ, ಪಂಪು. ಇದರಿಂದ ರಸ್ತೇನೂ ಮಾಡ್ತಾರ. 2003ರಾಗ ಅಮೆರಿಕ ಇರಾಕ್ ಮ್ಯಾಲೆ ಹೋದಾಗ ಯಾವ ಕಂಪನಿ ಅಮೆರಿಕಾ ಬಿಟ್ಟು ಹೋತು? ದೊಡ್ಡವರಿಗೊಂದು ನ್ಯಾಯ, ಉದ್ಯಮಬಾಗಕ್ಕೊಂದು ನ್ಯಾಯ ಏನು?"

ಇರಾಕ್ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ. ಅವನು ಹೇಳಿದ್ದು ನಿಜ. ಹಾಗೆ ಯಾರೂ ಅಮೆರಿಕ ಬಿಡಲಿಲ್ಲ. ಅವತ್ತು ಯಾರೂ ಬಿಡಲಿಲ್ಲ ಅನ್ನೋದು ಅವತ್ತಿನ ತಪ್ಪು, ಅದನ್ನು ಇಟ್ಟುಕೊಂಡು ಇವತ್ತು ನಮ್ಮ ಪೀಸ್‌ನ ಮೇಲಿನ ನಂಬರ್ ಉಜ್ಜಿ ಕಳಿಸೋಣ ಅಂದರೆ ಅದು ನನಗೆ ಒಪ್ಪುವುದಿಲ್ಲ ಅಂದೆ. ನಮ್ಮ ದೇಶಕ್ಕೆ ಇದು ಹೊಸದೂ ಅಲ್ಲ. 1946ರಲ್ಲಿ, ಸ್ವಾತಂತ್ರ್ಯ ಬರುವುದಕ್ಕೂ ಮೊದಲು, ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಮುರಿದುಕೊಂಡ ದೇಶ ನಮ್ಮದು. ಅಲ್ಲಿನ ಭಾರತೀಯರನ್ನು ಕೀಳಾಗಿ ನಡೆಸಿಕೊಂಡರು ಅಂತ. ಬೇರೆ ದೇಶಗಳು ಅದೇ ದಾರಿಗೆ ಬರಲು ದಶಕಗಳೇ ಹಿಡಿದವು. ಅವರೆಲ್ಲ ಮಾಡಲಿ ಆಮೇಲೆ ನಾವು ಅಂತ ಕಾದಿರಲಿಲ್ಲ.

ಪಂಪು ಬಾಂಬ್ ಅಲ್ಲ, ನಿಜ. ಆದರೆ ಆ ತಿಂಗಳುಗಳಲ್ಲಿ ರಷ್ಯಾದ ಸೈನ್ಯ ಉಕ್ರೇನಿನ ದಕ್ಷಿಣದಲ್ಲಿ ಮೈಲಿಗಟ್ಟಲೆ ಕಂದಕ ತೋಡಲು ಶುರು ಮಾಡಿತ್ತು, ಯಂತ್ರಗಳಿಂದ. ಹೊಲಗಳ ನಡುವೆ. ನಮ್ಮ ಹೌಸಿಂಗ್ ನೆಲ ಅಗೆಯುವ ಯಂತ್ರದ್ದೇ. ಅದು ರಸ್ತೆಗೆ ಹೋಗುತ್ತದೋ ಕಂದಕಕ್ಕೆ ಹೋಗುತ್ತದೋ ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಅಂತಲೇ ಹೀಟ್ ನಂಬರ್ ತೆಗೆಯಿರಿ ಅನ್ನುತ್ತಿದ್ದಾರೆ. ರಸ್ತೆಗೆ ಹೋಗುವ ಮಾಲಿಗೆ ಯಾರೂ ಹೆಸರು ಅಳಿಸುವುದಿಲ್ಲ.

ಕಾಕಾ ಇಷ್ಟು ಹೊತ್ತು ಸುಮ್ನೆ ಕೂತಿದ್ದರು. ಕೊನೆಗೆ ಕೇಳಿದ್ದು ಒಂದೇ. "ನಾವು ಬ್ಯಾಡ ಅಂದ್ರ ಇನ್ನೊಬ್ಬ ಮಾಡ್ತಾನ. ಆಗ ನಮ್ಮ ಬ್ಯಾಡಕ್ಕ ಏನು ಬೆಲೆ?"

ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ, ಇವತ್ತಿಗೂ. ಉತ್ತರ ಕೊಟ್ಟಿದ್ದು ನಾನಲ್ಲ, ಮಿಸ್ತ್ರಿ. ಅವರು ಕೆಲಸದ ಲೆಕ್ಕ ಹೇಳಿದರು. ಇನ್ನೊಬ್ಬ ಮಾಡಬೇಕಾದರೆ ಪ್ಯಾಟರ್ನ್ (ಮರಳಿನಲ್ಲಿ ಪೀಸಿನ ಆಕಾರ ಮೂಡಿಸುವ ಮಾದರಿ) ಹೊಸದಾಗಬೇಕು, ಕೋರ್ ಬಾಕ್ಸ್ ಆಗಬೇಕು, ಫಿಕ್ಸ್‌ಚರ್ ಆಗಬೇಕು, ಸ್ಯಾಂಪಲ್ ಹೊಡೆದು, ಸೋರುವುದನ್ನು ನಿಲ್ಲಿಸಿ, ಬೋರ್ ಕೂರಿಸಬೇಕು. ನಮಗೇ ಅದಕ್ಕೆ ಏಳು ತಿಂಗಳು ಹಿಡಿದಿತ್ತು. ನಮ್ಮ ಹತ್ತಿರ ಎಲ್ಲ ತಯಾರಿರುವುದರಿಂದಲೇ ಅವರು ಇಷ್ಟು ದರ ಕೊಟ್ಟು ನಮ್ಮನ್ನು ಹುಡುಕಿಕೊಂಡು ಬಂದಿದ್ದಾರೆ. ನಾವು ಇಲ್ಲ ಅಂದರೆ ಆ ಪಂಪಿಗೆ ಏಳು ತಿಂಗಳು ಹೌಸಿಂಗ್ ಇಲ್ಲ.

ಏಳು ತಿಂಗಳು. ಯುದ್ಧದಲ್ಲಿ ಅದು ಕಡಿಮೆ ಕಾಲ ಅಲ್ಲ.

ಬೆಳಿಗ್ಗೆ ಕಾಕಾ ತಾವೇ ಮೆಸೇಜ್ ಮಾಡಿದರು, ಈ ಮಾಲು ನಾವು ಮಾಡುವುದಿಲ್ಲ ಅಂತ. ಬೋನಸ್‌ಗೆ ಸೊಸೈಟಿಯಲ್ಲಿ ಸಾಲ ತೆಗೆದರು. ಹಿಂದಿನ ವರ್ಷ ಶೇ 12 ಕೊಟ್ಟಿದ್ದೆವು, ಆ ವರ್ಷ ಕಾನೂನಿನ ಕನಿಷ್ಠ ಶೇ 8.33 ಮಾತ್ರ. ಕಾಕಾ ಎಲ್ಲರನ್ನೂ ಸೇರಿಸಿ ಯಾಕೆ ಕಡಿಮೆ ಅಂತ ನಿಂತು ಹೇಳಿದರು, ದುಬೈ ಆರ್ಡರ್ ವಿಷಯವನ್ನೂ ಮುಚ್ಚಿಡದೆ. ಇಬ್ಬರು ಸಿಟ್ಟು ಮಾಡಿದರು. ಮಗಳ ಫೀ ಕಟ್ಟಬೇಕಿದ್ದವರು ಒಬ್ಬರು, ಅವರ ಸಿಟ್ಟಿನಲ್ಲಿ ತಪ್ಪೇನಿದೆ. ಉಳಿದವರು ಸುಮ್ಮನಿದ್ದರು. ಅದನ್ನು ಒಪ್ಪಿಗೆ ಅಂತ ನಾನು ಲೆಕ್ಕ ಹಿಡಿಯುವುದಿಲ್ಲ.

ಆಮೇಲೆ

ನಿಮ್ಮ ಡ್ರಾಯಿಂಗ್ ಮಾರುಕಟ್ಟೆಯಲ್ಲಿ ಓಡಾಡುತ್ತಿದೆ ಅಂತ ಪುಣೆಗೆ ಫೋನ್ ಮಾಡಿದೆ. ಮಾರ್ಚ್‌ನಲ್ಲಿ ಫೋನ್ ಎತ್ತದವರು ಆರು ದಿನದಲ್ಲಿ ಕಾರು ಹತ್ತಿ ಬೆಳಗಾವಿಗೆ ಬಂದರು. ಅವರ ಮುಂದೆ ಎರಡು ಕಾಗದ ಇಟ್ಟೆ. ಒಂದು ಆ ಡ್ರಾಯಿಂಗ್, ಇನ್ನೊಂದು ನಮ್ಮ ಎಂಟೂವರೆ ಲಕ್ಷದ ಪಟ್ಟಿ. ಎರಡೂ ಒಂದೇ ವಿಷಯ ಅಂತ ಹೇಳಿದೆ. ನೀವು ಬಿಟ್ಟ ಖಾಲಿ ಜಾಗಕ್ಕೇ ಈ ಡ್ರಾಯಿಂಗ್ ಬಂದು ಕೂತಿದ್ದು. ಬೋನಸ್‌ಗೆ ದುಡ್ಡಿಲ್ಲದ ಯೂನಿಟ್‌ಗೆ 33 ಲಕ್ಷ ಮುಂಗಡ ತೋರಿಸಿದರೆ ಎಷ್ಟು ಜನ ಬೇಡ ಅನ್ನುತ್ತಾರೆ? ನಿಮ್ಮ ಉಳಿದ ಸಪ್ಲೈಯರ್‌ಗಳನ್ನು ಇವತ್ತೇ ಹೋಗಿ ಕೇಳಿ. ಅವರು ನಿಜವಾಗಿಯೂ ಹೋಗಿ ಕೇಳಿದರು. ಕೊಲ್ಹಾಪುರ ಕಡೆಯ ಇನ್ನೊಂದು ಶಾಪ್‌ಗೂ ಅದೇ ವ್ಯಾಪಾರಿ ಬೇರೆ ಪಾರ್ಟ್‌ನ ಡ್ರಾಯಿಂಗ್ ಕಳಿಸಿದ್ದ ಅಂತ ನಮಗೆ ಆಮೇಲೆ ಹೇಳಿದರು.

ಫಿಕ್ಸ್‌ಚರ್‌ನ ದುಡ್ಡು ಕೊಟ್ಟರು. ಬೇರೆ ಯಂತ್ರದ ಎರಡು ಹೊಸ ಹೌಸಿಂಗ್‌ಗಳ ಡೆವಲಪ್‌ಮೆಂಟ್ ಕೊಟ್ಟರು, 2023ರ ಏಪ್ರಿಲ್‌ನಿಂದ ಅವು ಓಡುತ್ತಿವೆ, ಹಳೆಯ 24 ಲಕ್ಷದ ಜಾಗದಲ್ಲಿ ಈಗ 17 ಲಕ್ಷದಷ್ಟು. ಒಂಬತ್ತು ಹುಡುಗರಲ್ಲಿ ನಾಲ್ಕು ಜನ ವಾಪಸ್ ಬಂದರು. ಗೋವಾಕ್ಕೆ ಹೋದವನು ಬರಲಿಲ್ಲ.

ಎರಡು ವರ್ಷದ ಒಳಗೆ ಈ ವಿಷಯ ಕಾಗದಪತ್ರಗಳಿಗೂ ಬಂತು. 2023ರ ಸೆಪ್ಟೆಂಬರ್ 30ರಿಂದ ಯುರೋಪಿಗೆ ಕಬ್ಬಿಣ, ಉಕ್ಕಿನ ಮಾಲು ಕಳಿಸುವವರು ಅದರಲ್ಲಿ ರಷ್ಯಾದ ಕಬ್ಬಿಣ ಇಲ್ಲ ಅಂತ ತೋರಿಸಬೇಕಾಯಿತು, ನಾವು ಪಿಗ್ ಐರನ್‌ನ ಮಿಲ್ ಸರ್ಟಿಫಿಕೇಟ್ (ಕಬ್ಬಿಣ ಯಾವ ಕಾರ್ಖಾನೆಯದ್ದು ಅಂತ ತೋರಿಸುವ ಪತ್ರ) ಫೈಲ್ ಮಾಡತೊಡಗಿದೆವು. ಅದೇ ಡಿಸೆಂಬರ್ 22ಕ್ಕೆ ಅಮೆರಿಕ, ರಷ್ಯಾದ ಯುದ್ಧ ಉದ್ಯಮಕ್ಕೆ ನೆರವಾಗುವ ಹಣ ಸಾಗಿಸಿದರೆ ಬೇರೆ ದೇಶದ ಬ್ಯಾಂಕುಗಳಿಗೂ ನಿರ್ಬಂಧ ಹಾಕುವುದಾಗಿ ಹೇಳಿತು. ಅದರ ನಂತರ ನಮ್ಮ ಬ್ಯಾಂಕ್‌ನವರು ದುಬೈನಿಂದ ಬರುವ ಪ್ರತಿ ಪೇಮೆಂಟ್‌ಗೂ ಪ್ರಶ್ನೆ ಕೇಳುತ್ತಾರೆ. 2024ರ ಮಾರ್ಚ್ 20ರಿಂದ ಯುರೋಪಿನ ಕಂಪನಿಗಳು ಕೆಲವು ಬಗೆಯ ಮಾಲನ್ನು ಹೊರಗೆ ಮಾರುವಾಗ ಇದನ್ನು ರಷ್ಯಾಕ್ಕೆ ಮರುರಫ್ತು ಮಾಡಬಾರದು ಅಂತ ಒಪ್ಪಂದದಲ್ಲೇ ಬರೆಯಬೇಕಾಯಿತು. ನಮ್ಮ ವಿಎಂಸಿಯ ಸ್ಪಿಂಡಲ್ ಬೇರಿಂಗ್ ತರಿಸಿದಾಗ ಆ ಸಾಲಿನ ಕೆಳಗೆ ನಾನೇ ಸಹಿ ಮಾಡಿದೆ. 2024ರ ಅಕ್ಟೋಬರ್ 30ಕ್ಕೆ ಅಮೆರಿಕ ನಿರ್ಬಂಧ ಹಾಕಿದ ಸುಮಾರು 400 ಹೆಸರುಗಳಲ್ಲಿ 19 ಭಾರತದ ಕಂಪನಿಗಳಿದ್ದವು. ಅವು ನಮ್ಮ ದೇಶದ ಕಾನೂನು ಮುರಿದಿಲ್ಲ ಅಂತ ನಮ್ಮ ವಿದೇಶಾಂಗ ಇಲಾಖೆ ಹೇಳಿತು. ಆ ಸುದ್ದಿ ಬಂದ ದಿನ ನನ್ನ ತಮ್ಮ ಪೇಪರ್ ತಂದು ನನ್ನ ಟೇಬಲ್ ಮೇಲೆ ಇಟ್ಟು, ನೀನು ಅವತ್ತು ಹೇಳಿದ್ದು ಸರಿ ಇತ್ತು ಅಂದ. ನನಗೆ ಅದರಿಂದ ಖುಷಿ ಆಗಲಿಲ್ಲ. ಅವತ್ತು ಈ ಯಾವ ಹೆದರಿಕೆಯೂ ಇರಲಿಲ್ಲ, ಆದರೂ ಬೇಡ ಅಂದಿದ್ದೆವು. ಹೆದರಿ ಬಿಟ್ಟಿದ್ದರೆ ಹೆದರಿಕೆ ಹೋದ ದಿನ ಮತ್ತೆ ಮಾಡುತ್ತೇವೆ ಅಂತ ಅವನಿಗೆ ಹೇಳಿದೆ.

ಈಗ ನಮ್ಮ ಆಫೀಸಿನಲ್ಲಿ ಒಂದು ನಿಯಮ ಬರೆದಿಟ್ಟಿದ್ದೇವೆ. ರಷ್ಯಾದ ಹೆಸರು ಅದರಲ್ಲಿಲ್ಲ, ಯಾವ ದೇಶದ ಹೆಸರೂ ಇಲ್ಲ. ಡ್ರಾಯಿಂಗ್‌ನಲ್ಲಿ ಹೆಸರಿಲ್ಲದಿದ್ದರೆ, ಕೊನೆಗೆ ಬಳಸುವವರು ಯಾರು ಅಂತ ಹೇಳದಿದ್ದರೆ, ಹೀಟ್ ನಂಬರ್ ಬೇಡ ಅಂದರೆ, ಕೋಟ್ ಮಾಡುವುದಿಲ್ಲ. ನನ್ನ ತಮ್ಮ ಇರಾಕ್ ಮಾತು ಎತ್ತಿದ್ದರಿಂದಲೇ ಅದು ಹೀಗೆ ಬಂತು. ಯಾವ ಯುದ್ಧಕ್ಕಾದರೂ ಅದೇ ಅಳತೆ.

ಇನ್ನೊಂದು ಕೆಲಸ ಅರ್ಧಕ್ಕೆ ನಿಂತಿದೆ. ಹೊಸ ಪಾರ್ಟ್‌ಗಳ ಒಪ್ಪಂದದಲ್ಲಿ ನಾನು ಒಂದು ಸಾಲು ಸೇರಿಸಲು ಕೇಳಿದೆ. ಯುದ್ಧದ ಕಾರಣಕ್ಕೆ ಕಂಪನಿ ಯಾವ ದೇಶವನ್ನು ಬಿಟ್ಟರೂ, ನಮ್ಮಲ್ಲಿ ತಯಾರಾದ ಮಾಲು, ಮಶಿನಿಂಗ್ ಆಗದ ಕಾಸ್ಟಿಂಗ್, ಫಿಕ್ಸ್‌ಚರ್ ಎಲ್ಲದರ ದುಡ್ಡು 60 ದಿನದಲ್ಲಿ ಕೊಡಬೇಕು, ಡ್ರಾಯಿಂಗ್‌ಗಳನ್ನು ಅಲ್ಲಿಂದ ವಾಪಸ್ ತೆಗೆಯಬೇಕು. ತಯಾರಾದ ಮಾಲಿಗೆ, ಫಿಕ್ಸ್‌ಚರ್‌ಗೆ, ಡ್ರಾಯಿಂಗ್‌ಗೆ ಒಪ್ಪಿದ್ದಾರೆ. ಕಾಸ್ಟಿಂಗ್‌ಗೆ ಒಪ್ಪಿಲ್ಲ, ಅದನ್ನು ಮತ್ತೆ ಕರಗಿಸಬಹುದಲ್ಲ ಅನ್ನುತ್ತಾರೆ. ಮುಂದಿನ ತಿಂಗಳು ಅವರು ಬರುವಾಗ ಮಾತಾಡುವ ಮೊದಲು ಅವರನ್ನು ಫರ್ನೇಸ್ ಹತ್ತಿರ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆ ಮೂರು ಪಾರ್ಟ್‌ಗಳ ಪ್ಯಾಟರ್ನ್‌ಗಳು ಇನ್ನೂ ರ‍್ಯಾಕ್‌ನ ಮೇಲಿನ ಸಾಲಿನಲ್ಲಿವೆ. ಮಿಸ್ತ್ರಿ ಅವುಗಳಿಗೆ ಗೋಣಿಚೀಲ ಹೊದಿಸಿದ್ದಾರೆ.